ಟ್ರ್ಯಾಕ್ ಚಾಲನೆಗೆ ಮುಂದೊಂದು, ಹಿಂದೊಂದು ಅಳತೆಯ ಟಯರ್: ಲೆಕ್ಕ, ಜೋಡಣೆ, ಪರೀಕ್ಷೆ

ಟ್ರ್ಯಾಕ್‌ನಲ್ಲಿ ಕಾರು ಓಡಿಸುವ ರುಚಿ ಹತ್ತಿದವರಿಗೆ ಬಹುಬೇಗ ಬರುವ ಆಲೋಚನೆಯೆಂದರೆ ಹಿಂದಿನ ಚಕ್ರಗಳಿಗೆ ಇನ್ನಷ್ಟು ಅಗಲವಾದ ಟಯರ್ ಹಾಕಿಸುವುದು. ಅಗಲವಾದ ಟಯರ್ ಹೆಚ್ಚು ಹಿಡಿತ ಕೊಡುತ್ತದೆ ಎಂಬುದು ಬಹುಮಟ್ಟಿಗೆ ನಿಜ. ಆದರೆ ಒಂದೇ ಆಕ್ಸಲ್‌ನ (ಮುಂದಿನ ಅಥವಾ ಹಿಂದಿನ ಚಕ್ರಜೋಡಿಯ) ಹಿಡಿತವನ್ನು ಹೆಚ್ಚಿಸಿದಾಗ ಮೊದಲು ಬದಲಾಗುವುದು ಕಾರಿನ ವೇಗವಲ್ಲ, ಅದರ ಸಮತೋಲನ. ಆದುದರಿಂದ ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು ಅಳತೆ ಎಂಬ ನಿರ್ಧಾರವನ್ನು ನೋಟಕ್ಕಾಗಿ ಕೈಗೊಳ್ಳದೆ, ತಿರುವಿನಲ್ಲಿ ನನ್ನ ಕಾರಿನ ಯಾವ ಆಕ್ಸಲ್ ಮೊದಲು ಸೋಲುತ್ತಿದೆ ಎಂಬ ಪ್ರಶ್ನೆಗೆ ಉತ್ತರವಾಗಿ ಕೈಗೊಳ್ಳಬೇಕು. ಆ ಪ್ರಶ್ನೆಗೆ ಸ್ಪಷ್ಟ ಉತ್ತರ ಇನ್ನೂ ಸಿಕ್ಕಿಲ್ಲವೆಂದಾದರೆ ನಾಲ್ಕೂ ಚಕ್ರಗಳಿಗೆ ಒಂದೇ ಅಳತೆಯ ಟಯರ್ ಇಟ್ಟುಕೊಳ್ಳುವುದೇ ಲೇಸು. ಆಗ ಟಯರ್‌ಗಳನ್ನು ಹಿಂದು ಮುಂದು ಬದಲಾಯಿಸಿ ಸಮನಾಗಿ ಸವೆಸಬಹುದು, ಬದಲಿ ಟಯರ್ ಕೂಡ ಒಂದೇ ಬಗೆಯದ್ದು ಸಾಕಾಗುತ್ತದೆ.

ಒಂದು ನಿಯಮವನ್ನು ಆರಂಭದಲ್ಲಿಯೇ ಹೇಳಿಬಿಡಬೇಕು. ಬೇರೆ ಬೇರೆ ಅಳತೆ ಎಂದರೆ ಮುಂದಿನ ಜೋಡಿ ಒಂದು, ಹಿಂದಿನ ಜೋಡಿ ಇನ್ನೊಂದು ಎಂದೇ ಅರ್ಥ. ಒಂದೇ ಆಕ್ಸಲ್‌ನ ಎಡಕ್ಕೂ ಬಲಕ್ಕೂ ಎರಡು ಅಳತೆಯ ಟಯರ್ ಎಂದಿಗೂ ಕೂಡದು. ಹಾಗೆ ಮಾಡಿದರೆ ಕಾರು ನೇರ ರಸ್ತೆಯಲ್ಲೂ ಒಂದು ಬದಿಗೆ ಎಳೆಯುತ್ತದೆ, ಬ್ರೇಕ್ ಹಾಕಿದಾಗ ಅಡ್ಡ ತಿರುಗಲು ನೋಡುತ್ತದೆ, ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಒಂದು ಕ್ಷಣವೂ ವಿಶ್ರಾಂತಿಯಿಲ್ಲದೆ ದುಡಿಯುತ್ತದೆ. ಸದಾ ಎಡಕ್ಕೇ ತಿರುಗುವ ಅಂಡಾಕಾರದ ಟ್ರ್ಯಾಕ್‌ಗಳ ರೇಸ್ ಕಾರುಗಳಲ್ಲಿ ಬಲಗಡೆಯ ಹಿಂದಿನ ಟಯರ್ ಬೇಕೆಂದೇ ದೊಡ್ಡದಾಗಿರುತ್ತದೆ, ಆದರೆ ಎರಡೂ ಕಡೆ ತಿರುವುಗಳಿರುವ ಸಾಮಾನ್ಯ ಟ್ರ್ಯಾಕ್‌ಗೂ ಆ ಪದ್ಧತಿಗೂ ಸಂಬಂಧವಿಲ್ಲ.

ಮೊದಲ ಕೆಲಸ: ವ್ಯಾಸದ ಲೆಕ್ಕ

ಟಯರ್‌ನ ಪಕ್ಕದಲ್ಲಿ 225/45 ಆರ್17 ಎಂದು ಬರೆದಿದ್ದರೆ, 225 ಎಂಬುದು ಮಿಲಿಮೀಟರ್‌ಗಳಲ್ಲಿ ಅದರ ಅಗಲ, 45 ಎಂಬುದು ಆ ಅಗಲದ ಶೇಕಡಾ ಎಷ್ಟು ಭಾಗ ಸೈಡ್‌ವಾಲ್‌ನ (ಟಯರ್‌ನ ಪಕ್ಕದ ಗೋಡೆಯ) ಎತ್ತರ ಎಂಬುದು, 17 ಎಂಬುದು ಇಂಚುಗಳಲ್ಲಿ ರಿಮ್‌ನ ವ್ಯಾಸ. ಸೈಡ್‌ವಾಲ್‌ನ ಎತ್ತರ ಅಗಲದ ಶೇಕಡಾವಾರು ಆಗಿರುವುದರಿಂದ, ಅಗಲ ಹೆಚ್ಚಿಸಿ ಎರಡನೆಯ ಅಂಕಿಯನ್ನು ಹಾಗೆಯೇ ಬಿಟ್ಟರೆ ಟಯರ್ ಎತ್ತರವೂ ಆಗಿಬಿಡುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಲೆಕ್ಕ ಸುಲಭ. ಅಗಲವನ್ನು ಶೇಕಡಾ ಅಂಕಿಯಿಂದ ಗುಣಿಸಿ ಎರಡರಷ್ಟು ಮಾಡಿ, ಅದಕ್ಕೆ ರಿಮ್‌ನ ಇಂಚುಗಳನ್ನು 25.4ರಿಂದ ಗುಣಿಸಿ ಬಂದ ಮೊತ್ತವನ್ನು ಕೂಡಿಸಬೇಕು. 225/45 ಆರ್17ರ ವ್ಯಾಸ ಹೀಗೆ 634.3 ಮಿ.ಮೀ. ಆಗುತ್ತದೆ. ನಾಲ್ಕೂ ಚಕ್ರಗಳಿಗೆ ಇದೇ ಅಳತೆಯಿರುವ ಕಾರಿನ ಹಿಂದಿನ ಆಕ್ಸಲ್‌ಗೆ 245/45 ಆರ್17 ಹಾಕಿದರೆ ಅಲ್ಲಿಯ ವ್ಯಾಸ 652.3 ಮಿ.ಮೀ., ಅಂದರೆ ಶೇ. 2.8ರಷ್ಟು ಹೆಚ್ಚು. ಬದಲಾಗಿ 245/40 ಆರ್17 ಹಾಕಿದರೆ 627.8 ಮಿ.ಮೀ., ಶೇ. 1ರಷ್ಟು ಕಡಿಮೆ. 255/40 ಆರ್17 ಆದರೆ 635.8 ಮಿ.ಮೀ., ವ್ಯತ್ಯಾಸ ಕೇವಲ ಶೇ. 0.24. ಅಗಲ 30 ಮಿ.ಮೀ. ಹೆಚ್ಚಿದರೂ ವ್ಯಾಸ ಹೆಚ್ಚುಕಡಿಮೆ ಅಲ್ಲಿಯೇ ನಿಂತಿರುವ ಇಂಥ ಜೋಡಿಯನ್ನೇ ನಾವು ಹುಡುಕಬೇಕು. 18 ಇಂಚಿನ ರಿಮ್‌ಗಳಲ್ಲಿ ಮುಂದೆ 225/40, ಹಿಂದೆ 255/35 ಎಂಬ ಪರಿಚಿತ ಜೋಡಿ ಇದೇ ಲೆಕ್ಕದಿಂದ ಬಂದದ್ದು.

ಮುಂದಿನ ಮತ್ತು ಹಿಂದಿನ ವ್ಯಾಸಗಳು ಸಮನಾಗಿರಬೇಕು ಎಂಬುದು ಎಲ್ಲ ಕಾರುಗಳಿಗೂ ಅನ್ವಯಿಸುವ ಸೂತ್ರವಲ್ಲ. ಕಾರ್ಖಾನೆಯಿಂದ ಬಂದಾಗ ಇದ್ದ ಅನುಪಾತ ಉಳಿಯಬೇಕು ಎಂಬುದೇ ಸರಿಯಾದ ಸೂತ್ರ. 992 ಪೀಳಿಗೆಯ ಪೋರ್ಷೆ 911 ಜಿಟಿ3 ಮುಂದೆ 255/35 ಆರ್20, ಹಿಂದೆ 315/30 ಆರ್21 ಅಳತೆಯ ಟಯರ್‌ಗಳೊಂದಿಗೆ ಬರುತ್ತದೆ. ಹಿಂದಿನ ವ್ಯಾಸ ಮುಂದಿನದಕ್ಕಿಂತ ಸುಮಾರು ಶೇ. 5ರಷ್ಟು ದೊಡ್ಡದು, ಬ್ರೇಕ್ ಮತ್ತು ಸ್ಥಿರತೆಯ ವ್ಯವಸ್ಥೆಗಳು ಆ ವ್ಯತ್ಯಾಸಕ್ಕೇ ಹೊಂದಿಕೊಂಡಿವೆ. ಅಂಥ ಕಾರಿಗೆ ಸಮ ವ್ಯಾಸದ ಟಯರ್ ಹಾಕಿದರೆ ಅದೇ ತಪ್ಪಾಗುತ್ತದೆ. ಹೀಗಾಗಿ ಮೂಲ ಅಳತೆಯಲ್ಲಿ ಹಿಂದಿನ ವ್ಯಾಸವನ್ನು ಮುಂದಿನ ವ್ಯಾಸದಿಂದ ಭಾಗಿಸಿ ಬಂದ ಅಂಕಿಯನ್ನು ಬರೆದಿಟ್ಟುಕೊಂಡು, ಹೊಸ ಜೋಡಿಯ ಅಂಕಿಯನ್ನು ಅದರೊಂದಿಗೆ ಹೋಲಿಸಬೇಕು. ಆ ಎರಡು ಅಂಕಿಗಳ ನಡುವಿನ ಅಂತರ ಶೇ. 1ರೊಳಗೆ ಇರಲಿ ಎಂಬುದು ನಾನು ಅನುಸರಿಸುವ ಮಿತಿ.

ಕಾಗದದ ಲೆಕ್ಕ ಮುಗಿದ ಮೇಲೆ ನೆಲದ ಮೇಲಿನ ಅಳತೆಯೂ ಬೇಕು, ಏಕೆಂದರೆ ಒಂದೇ ಅಂಕಿಯನ್ನು ಹೊತ್ತ ಎರಡು ಕಂಪನಿಗಳ ಟಯರ್‌ಗಳು ನಿಜವಾದ ಗಾತ್ರದಲ್ಲಿ ಒಂದೇ ಆಗಿರುವುದಿಲ್ಲ. ಕಾರು ಓಡಿಸುವಾಗ ಇರಬೇಕಾದ ಒತ್ತಡಕ್ಕೆ ಗಾಳಿ ತುಂಬಿ, ಚಾಲಕನನ್ನು ಕೂರಿಸಿ, ಟಯರ್ ನೆಲ ಮುಟ್ಟುವ ಬಿಂದುವಿನಲ್ಲಿ ಟಯರ್ ಮೇಲೂ ನೆಲದ ಮೇಲೂ ಸೀಮೆಸುಣ್ಣದಿಂದ ಗುರುತು ಹಾಕಿ, ಚಕ್ರ ಪೂರ್ತಿ ಹಲವು ಸುತ್ತು ಉರುಳುವಂತೆ ಕಾರನ್ನು ನೇರವಾಗಿ ತಳ್ಳಿ, ಕ್ರಮಿಸಿದ ದೂರವನ್ನು ಸುತ್ತುಗಳ ಸಂಖ್ಯೆಯಿಂದ ಭಾಗಿಸಿದರೆ ಉರುಳುವ ಸುತ್ತಳತೆ ಸಿಗುತ್ತದೆ. ಭಾರ ಹೊತ್ತ ಟಯರ್ ಕೆಳಗೆ ಚಪ್ಪಟೆಯಾಗುವುದರಿಂದ ಇದು ಲೆಕ್ಕದ ಸುತ್ತಳತೆಗಿಂತ ತುಸು ಕಡಿಮೆ ಬರುತ್ತದೆ. ಮುಂದೆ ಹಿಂದೆ ಎರಡನ್ನೂ ಒಂದೇ ರೀತಿಯಲ್ಲಿ ಅಳೆದರೆ ಸಾಕು.

ಕಂಪ್ಯೂಟರ್‌ಗೆ ಕಾಣುವ ಕಾರು

ವ್ಯಾಸದ ವಿಷಯದಲ್ಲಿ ಇಷ್ಟು ಹಠ ಹಿಡಿಯಲು ಕಾರಣವಿದೆ. ಬ್ರೇಕ್ ಹಾಕಿದಾಗ ಚಕ್ರಗಳು ಸುತ್ತದೆ ನಿಂತು ಜಾರದಂತೆ ತಡೆಯುವ ಎಬಿಎಸ್ ಮತ್ತು ಕಾರಿನ ಸ್ಥಿರತೆಯನ್ನು ಕಾಯುವ ವ್ಯವಸ್ಥೆಗಳಿಗೆ ಟಯರ್ ಕಾಣಿಸುವುದಿಲ್ಲ. ಅವುಗಳಿಗೆ ತಿಳಿಯುವುದು ನಾಲ್ಕು ಚಕ್ರಗಳು ಎಷ್ಟು ವೇಗವಾಗಿ ಸುತ್ತುತ್ತಿವೆ ಎಂಬುದು ಮಾತ್ರ. ಹಿಂದಿನ ಟಯರ್ ಇರಬೇಕಾದುದಕ್ಕಿಂತ ಶೇ. 2.8ರಷ್ಟು ದೊಡ್ಡದಾಗಿದ್ದರೆ ಆ ಚಕ್ರಗಳು ಅಷ್ಟೇ ನಿಧಾನವಾಗಿ ಸುತ್ತುತ್ತವೆ, ಬ್ರೇಕ್ ಒತ್ತಿದಾಗ ಅವು ಜಾರತೊಡಗಿವೆ ಎಂದು ಕಂಪ್ಯೂಟರ್ ಭಾವಿಸುತ್ತದೆ. ಪರಿಣಾಮವಾಗಿ ಹಿಂದಿನ ಬ್ರೇಕ್‌ನ ಒತ್ತಡವನ್ನು ಅದು ಬೇಗನೆ ತಡೆಹಿಡಿಯುತ್ತದೆ, ಮುಂದಿನ ಬ್ರೇಕ್‌ಗಳ ಮೇಲೆ ಹೊರೆ ಬೀಳುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ. ಅದೇ ಹಿಂಬದಿ ಚಾಲನೆಯ ಕಾರಾದರೆ, ವೇಗ ಹೆಚ್ಚಿಸುವಾಗ ಹಿಂದಿನ ಚಕ್ರಗಳು ನಿಜವಾಗಿ ಜಾರಿದರೂ ಅದು ತಡವಾಗಿ ಗೊತ್ತಾಗುತ್ತದೆ. ಹಿಂದಿನ ಟಯರ್ ಚಿಕ್ಕದಾಗಿದ್ದರೆ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ: ಚಕ್ರಗಳು ಜಾರದಿದ್ದರೂ ಎಂಜಿನ್‌ನ ಶಕ್ತಿ ಕಡಿತವಾಗುತ್ತದೆ.

ಸಣ್ಣ ವ್ಯತ್ಯಾಸಗಳನ್ನು ಅನೇಕ ವ್ಯವಸ್ಥೆಗಳು ನೇರ ಓಟದಲ್ಲಿ ಗಮನಿಸಿ ತಾವಾಗಿಯೇ ಸರಿಹೊಂದಿಸಿಕೊಳ್ಳುತ್ತವೆ. ಆದರೆ ಆ ಸಹನೆಗೆ ಮಿತಿಯಿದೆ, ಆ ಮಿತಿಯನ್ನು ತಯಾರಕರು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ಸ್ಥಿರತೆಯ ವ್ಯವಸ್ಥೆಯನ್ನು ಗುಂಡಿಯೊತ್ತಿ ನಿಲ್ಲಿಸಿದರಾಯಿತು ಎನ್ನುವವರು, ಆ ಗುಂಡಿ ಎಬಿಎಸ್ ಅನ್ನು ನಿಲ್ಲಿಸುವುದಿಲ್ಲ ಎಂಬುದನ್ನು ನೆನಪಿಡಬೇಕು. ಚಕ್ರಗಳ ವೇಗವನ್ನು ಹೋಲಿಸಿ ಗಾಳಿ ಕಡಿಮೆಯಾದುದನ್ನು ತಿಳಿಸುವ ವ್ಯವಸ್ಥೆಯಿರುವ ಕಾರುಗಳಲ್ಲಿ ಸುಳ್ಳು ಎಚ್ಚರಿಕೆಯೂ ಬರಬಹುದು. ಟಯರ್ ಬದಲಿಸಿದ ಮೇಲೆ ಕೈಪಿಡಿಯಲ್ಲಿ ಹೇಳಿದಂತೆ ಅದನ್ನು ಮರುಹೊಂದಿಸಬೇಕು.

ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಕಾರುಗಳ ಸ್ಥಿತಿ ಇನ್ನೂ ಸೂಕ್ಷ್ಮ. ಎರಡು ಮೀಟರ್ ಸುತ್ತಳತೆಯ ಚಕ್ರ ಒಂದು ಕಿಲೋಮೀಟರಿಗೆ 500 ಸುತ್ತು ಉರುಳುತ್ತದೆ. ಮುಂದಕ್ಕೂ ಹಿಂದಕ್ಕೂ ಶೇ. 1ರ ವ್ಯತ್ಯಾಸವಿದ್ದರೆ ಪ್ರತಿ ಕಿಲೋಮೀಟರಿಗೆ ಐದು ಸುತ್ತುಗಳ ಅಂತರವನ್ನು ನಡುವಿನ ಡಿಫರೆನ್ಷಿಯಲ್ ಅಥವಾ ಕ್ಲಚ್ ನುಂಗಿಕೊಳ್ಳಬೇಕು. ತಿರುವಿನಲ್ಲಿ ಸ್ವಲ್ಪ ಹೊತ್ತು ಮಾಡಬೇಕಾದ ಈ ಕೆಲಸವನ್ನು ಅದು ನೇರ ರಸ್ತೆಯಲ್ಲೂ ನಿರಂತರವಾಗಿ ಮಾಡುತ್ತಾ ಬಿಸಿಯೇರುತ್ತದೆ, ಟ್ರ್ಯಾಕ್‌ನ ಬಿಸಿಯೂ ಅದಕ್ಕೆ ಸೇರುತ್ತದೆ. ಇಂಥ ಕಾರಿನವರು ನನ್ನ ಶೇ. 1ರ ಮಿತಿಯನ್ನು ಬದಿಗಿಟ್ಟು ತಯಾರಕರ ಮಿತಿಯನ್ನೇ ಪಾಲಿಸಬೇಕು. ನನ್ನ ಅಭಿಪ್ರಾಯದಲ್ಲಿ, ಸಮ ಅಳತೆಯೊಂದಿಗೆ ಬಂದ ನಾಲ್ಕು ಚಕ್ರ ಚಾಲನೆಯ ಕಾರಿನಲ್ಲಿ ಅಳತೆ ಬೆರೆಸುವ ಪ್ರಯೋಗವೇ ಬೇಡ.

ಅಗಲವನ್ನು ಎಲ್ಲಿ ಕೊಡಬೇಕು

ಅಗಲವಾದ ಟಯರ್ ನೆಲವನ್ನು ಹೆಚ್ಚು ಜಾಗದಲ್ಲಿ ಮುಟ್ಟುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಟಯರ್ ನೆಲ ಮುಟ್ಟುವ ಜಾಗದ ವಿಸ್ತೀರ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. 400 ಕಿಲೋ ಭಾರ ಹೊತ್ತು 32 ಪಿಎಸ್‌ಐ ಒತ್ತಡದಲ್ಲಿರುವ ಟಯರ್‌ಗೆ ಅದು ಸುಮಾರು 180 ಚದರ ಸೆಂಟಿಮೀಟರ್. ಟಯರ್ ಅಗಲವಾದಾಗ ಆ ಜಾಗದ ಆಕಾರ ಬದಲಾಗುತ್ತದೆ, ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ಇದರಿಂದ ಸ್ಟಿಯರಿಂಗ್ ತಿರುಗಿಸಿದಾಗ ಟಯರ್ ಬೇಗ ಬಲ ಹುಟ್ಟಿಸುತ್ತದೆ, ಶಾಖ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತದೆ, ಒತ್ತಡವನ್ನು ಇನ್ನಷ್ಟು ಇಳಿಸಲು ಅವಕಾಶವಾಗುತ್ತದೆ. ಜೊತೆಗೆ, ಟಯರ್ ಮೇಲಿನ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ. ಹೀಗಾಗಿ ಹೆಚ್ಚು ಭಾರ ಹೊರುವ ಆಕ್ಸಲ್‌ಗೆ ಹೆಚ್ಚು ಟಯರ್ ಬೇಕು ಎಂಬ ತರ್ಕ ಹುಟ್ಟುತ್ತದೆ. ಎಂಜಿನ್ ಹಿಂದಿರುವ ಪೋರ್ಷೆಗೆ ಹಿಂದೆ ಅಗಲ ಏಕೆ ಬೇಕೆಂಬುದಕ್ಕೆ ಇದೇ ಕಾರಣ.

ಇದೇ ತರ್ಕವನ್ನು ಮುಂಬದಿ ಚಾಲನೆಯ ಕಾರಿಗೆ ಅನ್ವಯಿಸಿದರೆ ಉತ್ತರ ತಿರುಗುಮುರುಗಾಗುತ್ತದೆ. ಅಲ್ಲಿ ಮುಂದಿನ ಎರಡು ಟಯರ್‌ಗಳೇ ಹೆಚ್ಚಿನ ಭಾರ ಹೊರುತ್ತವೆ, ಕಾರನ್ನು ಎಳೆಯುತ್ತವೆ, ತಿರುಗಿಸುತ್ತವೆ, ನಿಲ್ಲಿಸುವ ಕೆಲಸದ ಬಹುಪಾಲನ್ನೂ ಮಾಡುತ್ತವೆ. ಇಂಥ ಕಾರಿನ ಹಿಂದೆ ಅಗಲದ ಟಯರ್ ಹಾಕಿದರೆ, ಮೊದಲೇ ತಿರುವಿನ ಹೊರಕ್ಕೆ ಮೂತಿ ಚಾಚುವ ಕಾರು ಇನ್ನಷ್ಟು ಅಂಡರ್‌ಸ್ಟಿಯರ್ ಮಾಡುತ್ತದೆ. ಎಂಜಿನ್ ಮುಂದಿರುವ, ನಾಲ್ಕು ಚಕ್ರ ಚಾಲನೆಯ ಆಡಿ ಆರ್‌ಎಸ್3 ಕಾರಿನ 2021ರ ಪೀಳಿಗೆಯಲ್ಲಿ ತಯಾರಕರೇ ಮುಂದೆ 265/30 ಆರ್19, ಹಿಂದೆ 245/35 ಆರ್19 ಕೊಟ್ಟಿದ್ದಾರೆ. ಮುಂದಿನದು ಅಗಲ, ಹಿಂದಿನದು ಕಿರಿದು. ಹಿಂದೆಯೇ ಅಗಲವಿರಬೇಕು ಎಂಬ ರೂಢಿಯ ಎಣಿಕೆಯನ್ನು ಬಿಡಿಸಲು ಈ ಒಂದು ಉದಾಹರಣೆ ಸಾಕು. ಮುಂದೆ ಎಂಜಿನ್, ಹಿಂದೆ ಚಾಲನೆಯಿರುವ ಕಾರುಗಳು ಇವೆರಡರ ನಡುವೆ ನಿಲ್ಲುತ್ತವೆ. ತಿರುವಿನಿಂದ ಹೊರಬರುವಾಗ ಹಿಂಬದಿ ಜಾರಿಯೇ ಸಮಯ ಕಳೆದುಹೋಗುತ್ತಿದ್ದರೆ ಮಾತ್ರ ಅಲ್ಲಿ ಹಿಂದಿನ ಅಗಲಕ್ಕೆ ಅರ್ಥವಿದೆ.

ಎಂಜಿನ್ ನಡುವೆ ಅಥವಾ ಹಿಂದಿರುವ ಕಾರಿನಲ್ಲಿ ಅಂಡರ್‌ಸ್ಟಿಯರ್ ಕಳೆಯಬೇಕೆಂದು ಮುಂದಿನ ಟಯರನ್ನು ಅತಿಯಾಗಿ ಅಗಲ ಮಾಡುವುದು ಅಪಾಯಕರ. ವೇಗದ ತಿರುವಿನ ಮಧ್ಯೆ ಆಕ್ಸಲರೇಟರ್‌ನಿಂದ ಕಾಲು ತೆಗೆದ ಕ್ಷಣ ಭಾರ ಮುಂದಕ್ಕೆ ಸರಿಯುತ್ತದೆ, ಮುಂಭಾಗ ಬಿಗಿಯಾಗಿ ಕಚ್ಚುತ್ತದೆ, ಹಗುರಾದ ಹಿಂಭಾಗ ಸುತ್ತಿ ಬರುತ್ತದೆ. ಇದನ್ನು ಹಿಡಿದು ನಿಲ್ಲಿಸುವುದು ಅನುಭವಿಗಳಿಗೂ ಕಷ್ಟ.

ಯಾವ ಕಾರೇ ಆಗಲಿ, ಹೊಸ ಅಳತೆಗೆ ಹೋಗುವ ಮೊದಲು ಕಡಿಮೆ ಖರ್ಚಿನ ದಾರಿಗಳನ್ನು ನೋಡಿಬಿಡಬೇಕು. ಮುಂದಿನ ಟಯರ್‌ಗಳ ಹೊರ ಅಂಚು ಮಾತ್ರ ಸವೆಯುತ್ತಿದ್ದರೆ ಅಲ್ಲಿ ಅಗಲ ಕಡಿಮೆಯಾಗಿಲ್ಲ, ಇರುವ ಅಗಲ ಪೂರ್ತಿ ಬಳಕೆಯಾಗುತ್ತಿಲ್ಲ ಎಂದರ್ಥ; ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವ ಕೋನ) ಹೆಚ್ಚಿಸಿದರೆ ಅದೇ ಟಯರ್ ಬೇರೆಯೇ ಟಯರ್‌ನಂತೆ ವರ್ತಿಸುತ್ತದೆ. ಗಾಳಿಯ ಒತ್ತಡ ಮತ್ತು ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್‌ಗಳಿಂದಲೂ ಸಮತೋಲನವನ್ನು ಸಾಕಷ್ಟು ತಿದ್ದಬಹುದು.

ರಿಮ್, ಆಫ್‌ಸೆಟ್ ಮತ್ತು ಉಜ್ಜುವಿಕೆ

ಪ್ರತಿ ಟಯರ್‌ಗೂ ಒಪ್ಪಿತವಾದ ರಿಮ್ ಅಗಲದ ವ್ಯಾಪ್ತಿಯಿದೆ. 225/45 ಆರ್17ಕ್ಕೆ 7ರಿಂದ 8.5 ಇಂಚು, 255/40 ಆರ್17ಕ್ಕೆ 8.5ರಿಂದ 10 ಇಂಚು. ಆದುದರಿಂದ ಹಳೆಯ 7.5 ಇಂಚಿನ ರಿಮ್‌ಗೆ 255 ಹಾಕುವಂತಿಲ್ಲ. ಕಿರಿದಾದ ರಿಮ್‌ಗೆ ಅಗಲದ ಟಯರ್ ಹಿಂಡಿ ಕೂರಿಸಿದರೆ ಸೈಡ್‌ವಾಲ್‌ಗಳು ಉಬ್ಬಿ, ತಿರುವಿನಲ್ಲಿ ಟಯರ್ ಪಕ್ಕಕ್ಕೆ ವಾಲುತ್ತದೆ, ಅಗಲದಿಂದ ಬರಬೇಕಾದ ಲಾಭವೆಲ್ಲ ಅಲ್ಲಿಯೇ ಕರಗುತ್ತದೆ.

ಹೊಸ ರಿಮ್ ಎಂದಾಗ ಆಫ್‌ಸೆಟ್‌ನ, ಅಂದರೆ ರಿಮ್‌ನ ಅಗಲದ ನಡುಗೆರೆಗೂ ಅದು ಕಾರಿಗೆ ಕೂರುವ ಮುಖಕ್ಕೂ ಇರುವ ಅಂತರದ ಲೆಕ್ಕ ಬರುತ್ತದೆ. 7.5 ಇಂಚು ಅಗಲ, 45 ಮಿ.ಮೀ. ಆಫ್‌ಸೆಟ್ ಇರುವ ರಿಮ್‌ನ ಜಾಗದಲ್ಲಿ 9 ಇಂಚು ಅಗಲದ, ಅದೇ ಆಫ್‌ಸೆಟ್‌ನ ರಿಮ್ ಹಾಕಿದರೆ ಒಳಗೂ ಹೊರಗೂ ತಲಾ 19 ಮಿ.ಮೀ. ಚಾಚುತ್ತದೆ. ಆಫ್‌ಸೆಟ್ 35 ಆದರೆ ಒಳಗೆ 9, ಹೊರಗೆ 29 ಮಿ.ಮೀ. ಒಳಗೆ ಶಾಕ್ ಅಬ್ಸಾರ್ಬರ್ ಮತ್ತು ಬ್ರೇಕ್ ಪೈಪ್, ಹೊರಗೆ ಫೆಂಡರ್‌ನ ಅಂಚು. ಇವುಗಳ ನಡುವಿನ ಜಾಗವನ್ನು ಅಳೆದ ನಂತರವೇ ರಿಮ್ ತರಿಸಬೇಕು. ನಿಂತ ಕಾರಿನಲ್ಲಿ ಜಾಗವಿದ್ದರೆ ಸಾಲದು. ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಒತ್ತಿಹೋದಾಗ ಏನಾಗುತ್ತದೆಂದು ಜಾಕ್‌ನಿಂದ ಚಕ್ರವನ್ನು ಮೇಲಕ್ಕೆ ಒತ್ತಿ ನೋಡಬೇಕು. ಫೆಂಡರ್‌ನ ಒಳಗೆ ಕಾಗದದ ಟೇಪ್ ಅಂಟಿಸಿ ನಿಧಾನವಾಗಿ ಓಡಿಸಿ ಬಂದರೆ ಉಜ್ಜಿದ ಜಾಗ ತಾನಾಗಿ ಕಾಣುತ್ತದೆ.

ಟಯರ್‌ನ ಮೇಲಿನ ಭಾರದ ಅಂಕಿಯನ್ನೂ ಕಡೆಗಣಿಸಬಾರದು. 91 ಎಂದರೆ 615 ಕಿಲೋ, 95 ಎಂದರೆ 690 ಕಿಲೋ. ಹೊಸ ಟಯರ್‌ನ ಅಂಕಿ ಮೂಲ ಟಯರ್‌ನದಕ್ಕಿಂತ ಕೆಳಗಿರಕೂಡದು. ವೇಗದ ಅಕ್ಷರಕ್ಕೂ ಇದೇ ಮಾತು: ವಿ ಎಂದರೆ ಗಂಟೆಗೆ 240 ಕಿ.ಮೀ., ಡಬ್ಲ್ಯು ಎಂದರೆ 270. ಟ್ರ್ಯಾಕ್‌ಗೆ ರಸ್ತೆಯ ಮೇಲೆಯೇ ಓಡಿಸಿಕೊಂಡು ಹೋಗುವವರು ತಮ್ಮಲ್ಲಿಯ ರಸ್ತೆ ನಿಯಮ ಮತ್ತು ವಿಮೆಯ ಷರತ್ತುಗಳನ್ನು ಕೂಡ ನೋಡಿಕೊಳ್ಳಬೇಕು.

ಅಳತೆ ಬೇರೆಯಾದರೂ ಟಯರ್‌ನ ಜಾತಿ ನಾಲ್ಕೂ ಕಡೆ ಒಂದೇ ಆಗಿರಬೇಕು, ಒಂದೇ ಕಂಪನಿಯ ಒಂದೇ ಮಾದರಿ. ಮುಂದೆ ಟ್ರ್ಯಾಕ್‌ನ ಮೆದು ರಬ್ಬರು, ಹಿಂದೆ ರಸ್ತೆಯ ಸಾಧಾರಣ ಟಯರ್ ಎಂಬ ಜೋಡಣೆ ನನಗೆ ತಿಳಿದಂತೆ ಎಲ್ಲಕ್ಕಿಂತ ಕೆಟ್ಟದ್ದು. ಅವೆರಡೂ ಕೆಲಸ ಮಾಡುವ ಉಷ್ಣಾಂಶವೇ ಬೇರೆ, ಹೀಗಾಗಿ ಮೊದಲ ಸುತ್ತಿನಲ್ಲಿ ಒಂದು ಬಗೆಯಾಗಿ ತಿರುಗಿದ ಕಾರು ಬಿಸಿಯಾದ ಮೇಲೆ ಇನ್ನೊಂದು ಬಗೆಯಾಗಿ ತಿರುಗುತ್ತದೆ. ಮಳೆ ಬಂದರಂತೂ ಚಾಲಕನಿಗೆ ತನ್ನ ಕಾರಿನ ಗುರುತೇ ಸಿಗುವುದಿಲ್ಲ.

ಟ್ರ್ಯಾಕ್‌ಗೆ ಇಳಿದ ಮೇಲೆ

ಹೊಸ ಜೋಡಿಯೊಂದಿಗೆ ಹೋದ ದಿನ ಬೇರೆ ಯಾವ ಬದಲಾವಣೆಯನ್ನೂ ಮಾಡಬಾರದು, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಗಾಳಿಯ ಒತ್ತಡವನ್ನು ತಣ್ಣಗಿದ್ದಾಗ ಕಡಿಮೆ ಇಟ್ಟು ಆರಂಭಿಸಬೇಕು. ಟಯರ್‌ನೊಳಗಿನ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಿಂದ 80 ಡಿಗ್ರಿಗೆ ಏರಿದರೆ 26 ಪಿಎಸ್‌ಐ ಇದ್ದದ್ದು 34 ಪಿಎಸ್‌ಐ ಆಗುತ್ತದೆ. ಅಗಲದ ಟಯರ್‌ನಲ್ಲಿ ಗಾಳಿಯೂ ರಬ್ಬರೂ ಹೆಚ್ಚಿರುವುದರಿಂದ ಅದು ಬಿಸಿಯಾಗುವ ಗತಿ ಬೇರೆ. ಮುಂದಕ್ಕೆ ಹೊಂದಿದ ಅಂಕಿಯನ್ನೇ ಹಿಂದಕ್ಕೂ ಬಳಸಬಾರದು. ಪಿಟ್‌ಗೆ ಬಂದ ತಕ್ಷಣ ಬಿಸಿ ಒತ್ತಡವನ್ನೂ, ಪ್ರತಿ ಟಯರ್‌ನ ಒಳ ಅಂಚು, ನಡುಭಾಗ, ಹೊರ ಅಂಚುಗಳ ಉಷ್ಣಾಂಶವನ್ನೂ ಅಳೆದು ಬರೆದುಕೊಳ್ಳಬೇಕು. ನಡುಭಾಗ ಎರಡೂ ಅಂಚುಗಳಿಗಿಂತ ಬಿಸಿಯಾಗಿದ್ದರೆ ಗಾಳಿ ಹೆಚ್ಚಾಗಿದೆ, ಅಂಚುಗಳೆರಡೂ ಬಿಸಿಯಾಗಿದ್ದರೆ ಕಡಿಮೆಯಾಗಿದೆ. ಅಗಲದ ಟಯರ್ ಎಷ್ಟೇ ಓಡಿದರೂ ತಣ್ಣಗೇ ಉಳಿಯುತ್ತಿದ್ದರೆ ಆ ಆಕ್ಸಲ್‌ಗೆ ಅಷ್ಟು ಅಗಲ ಬೇಕಿರಲಿಲ್ಲ.

ಸಾಧ್ಯವಿದ್ದರೆ ಮೊದಲು ತೆರೆದ ಜಾಗದಲ್ಲಿ ದೊಡ್ಡ ವೃತ್ತವೊಂದನ್ನು ಗುರುತು ಮಾಡಿಕೊಂಡು, ಒಂದೇ ವೇಗದಲ್ಲಿ ಸುತ್ತಿ, ವೇಗವನ್ನು ಮೆಲ್ಲಗೆ ಏರಿಸುತ್ತಾ ಯಾವ ತುದಿ ಮೊದಲು ಜಾರುತ್ತದೆಂದು ನೋಡಬೇಕು. ಟ್ರ್ಯಾಕ್‌ನಲ್ಲಿ ನಿಧಾನದ ತಿರುವುಗಳಿಂದ ಆರಂಭಿಸಿ ವೇಗದ ತಿರುವುಗಳಿಗೆ ಹೋಗಬೇಕು. ಬ್ರೇಕ್ ಪರೀಕ್ಷೆಯನ್ನು ಟ್ರ್ಯಾಕ್‌ನ ಅಂಚಿನಾಚೆ ವಿಶಾಲ ಜಾಗವಿರುವ ನೇರ ಹಾದಿಯಲ್ಲಿ ಮಾಡಬೇಕು. ಎಬಿಎಸ್ ಹಿಂದಿಗಿಂತ ಬೇಗ ಕೆಲಸ ಆರಂಭಿಸಿದರೆ ಅಥವಾ ಪೆಡಲ್ ಗಟ್ಟಿಯಾಗಿ ಕಾರು ನಿಲ್ಲದಿದ್ದರೆ ಅಲ್ಲಿಗೆ ಓಟ ನಿಲ್ಲಿಸಿ ವ್ಯಾಸದ ಲೆಕ್ಕಕ್ಕೆ ಮರಳಬೇಕು. ಮೊದಲ ಸುತ್ತುಗಳ ನಂತರ ಚಕ್ರಗಳು ತಣಿದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಪರೀಕ್ಷಿಸಬೇಕು. ಚಕ್ರವನ್ನು ಹೊರಕ್ಕೆ ಸರಿಸುವ ಸ್ಪೇಸರ್ ಬಿಲ್ಲೆ ಹಾಕಿದವರಿಗೆ ಇದು ಎರಡರಷ್ಟು ಮುಖ್ಯ.

ಅಳತೆ ಬೆರೆಸಿದ ಕಾರಿನಲ್ಲಿ ಮುಂದಿನ ಟಯರನ್ನು ಹಿಂದಕ್ಕೆ ಹಾಕಲಾಗದು, ಆದುದರಿಂದ ಎರಡು ಜೋಡಿಗಳೂ ತಮ್ಮ ತಮ್ಮ ವೇಗದಲ್ಲಿ ಸವೆಯುತ್ತವೆ. ಹೊಸದಾಗಿ 8 ಮಿ.ಮೀ. ಇದ್ದ ಟ್ರೆಡ್ 2 ಮಿ.ಮೀ.ಗೆ ಇಳಿದರೆ ವ್ಯಾಸ 12 ಮಿ.ಮೀ. ಕುಗ್ಗುತ್ತದೆ, 634 ಮಿ.ಮೀ. ಟಯರ್‌ಗೆ ಅದು ಶೇ. 1.9. ಆರಂಭದಲ್ಲಿ ಕಷ್ಟಪಟ್ಟು ಹೊಂದಿಸಿದ ಅನುಪಾತವನ್ನು ಸವೆತವೊಂದೇ ಕೆಡಿಸಬಲ್ಲದು. ಪ್ರತಿ ಬಾರಿ ಟ್ರ್ಯಾಕ್‌ನಿಂದ ಬಂದ ಮೇಲೆ ಮುಂದೆ ಹಿಂದೆ ಎರಡೂ ಕಡೆಯ ಟ್ರೆಡ್ ಆಳವನ್ನು ಅಳೆದು, ಅನುಪಾತವನ್ನು ಹೊಸದಾಗಿ ಲೆಕ್ಕ ಹಾಕಿ, ಅಂತರ ಮಿತಿ ದಾಟುವ ಮೊದಲೇ ಹೆಚ್ಚು ಸವೆದ ಜೋಡಿಯನ್ನು ಬದಲಿಸಬೇಕು.